ಅವ್ವನ ಕಿವಿಗೆ ಬಿಟ್ಟ ಪ್ರಶ್ನೆ

ಕಿಬ್ಬನಹಳ್ಳಿ ಬಳಿಯ ನಮ್ಮ ಮನೆಯಲ್ಲಿ ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವುದು ಅಟ್ಟದ ಏಣಿಯ ಪಕ್ಕ. ಮೇಲೆ ತಿಂಗಳುಗಟ್ಟಲೆಯಿಂದ ಒಣಗುತ್ತಿರುವ ತೆಂಗಿನಕಾಯಿ, ಕೆಳಗೆ ನಾನು. ಕಾಯೊಳಗಿನ ನೀರು ಪೂರ್ತಿ ಇಂಗಿದ ಮೇಲೆ ಒಡೆದರೆ ಮಾತ್ರ ಉಂಡೆ ಕೊಬ್ಬರಿ ಇಡಿಯಾಗಿ ಬರುತ್ತದೆ. ಅವಸರಪಟ್ಟು ಒಡೆದ ಚಿಪ್ಪನ್ನು ದೇವರೂ ಮತ್ತೆ ಮುಚ್ಚಲಾರ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಆಗಿದೆಯೋ ಇಲ್ಲವೋ ಹೇಳುವವಳು ಅವ್ವ. ಅಪ್ಪ ಇದ್ದಾಗಲೂ ಆ ಅಧಿಕಾರ ಅವಳದೇ.

ಒಂದು ಬೆಳಿಗ್ಗೆ ಕಾಫಿ ಕೊಡುತ್ತಾ, "ದಿನಾ ಅದೇನ್ ಕುಟ್ತೀಯೇ?" ಎಂದಳು. ನನ್ನದು ಫಂಕ್ಷನಲ್ ಪ್ರೋಗ್ರಾಮಿಂಗ್, ಒಂದೊಂದು ಕೆಲಸಕ್ಕೆ ಫಂಕ್ಷನ್ ಎಂಬ ಒಂದೊಂದು ಪುಟ್ಟ ಪ್ರೋಗ್ರಾಮ್ ಬರೆಯುವುದು. ಫಂಕ್ಷನ್ ತಾನೇ ಹೋಗಿ ಫೈಲ್ ಅಳಿಸುವುದು, ಮೆಸೇಜ್ ಕಳಿಸುವುದು ಮಾಡಿದರೆ ಅದನ್ನು ನಂಬುವಂತಿಲ್ಲ. ಪರೀಕ್ಷೆಗೆಂದು ಓಡಿಸಿದರೂ ಊರಿಗೆಲ್ಲ ಮೆಸೇಜ್ ಹೋಗಿಬಿಡುತ್ತದೆ. ಎಫೆಕ್ಟ್ ಸಿಸ್ಟಮ್ ಎಂಬ ಏರ್ಪಾಡು ಇದ್ದರೆ ಈ ಗೋಳಿಲ್ಲ. ತನಗೆ ಏನೇನು ಬೇಕೆಂದು ಫಂಕ್ಷನ್ ಮೊದಲೇ ಹೇಳಿಕೊಂಡಿರುತ್ತದೆ, ಬೇಕಾದಾಗ ಕೇಳಿ ನಿಲ್ಲುತ್ತದೆ. ಹೊರಗೆ ಹ್ಯಾಂಡ್ಲರ್ ಎಂಬುದೊಂದು ಉತ್ತರ ಕೊಟ್ಟ ಮೇಲೆ ನಿಂತಲ್ಲಿಂದ ಮುಂದುವರಿಯುತ್ತದೆ. ಹ್ಯಾಂಡ್ಲರ್ ಬದಲಾದರೂ ಫಂಕ್ಷನ್‌ನ ಒಂದಕ್ಷರವೂ ಬದಲಾಗಬೇಕಿಲ್ಲ. ಇಷ್ಟನ್ನೂ ಅವ್ವನಿಗೆ ತಿಳಿಯುವ ಹಾಗೆ ಹೇಳಿದೆನೆಂದೇ ನನ್ನ ಭ್ರಮೆ.

"ಕೇಳ್ಬುಟ್ಟು ಸುಮ್ಕೆ ನಿಂತ್ಕಂಡ್ರೆ ಕೆಲ್ಸ ಆಯ್ತದಾ? ಸೋಮಾರಿ ಕಣೇ ನಿನ್ ಫಂಕ್ಷನ್ನು," ಎಂದು ನಕ್ಕಳು.

ಆ ವಾರ ಅವ್ವ ಆರಿಸಿಕೊಟ್ಟ ಕಾಯನ್ನು, ತೋಟ ನೋಡಿಕೊಳ್ಳುವ ನನ್ನ ಅಣ್ಣ ಒಡೆಸಿದಾಗ ಎಷ್ಟೋ ಕಾಯಲ್ಲಿ ಇನ್ನೂ ನೀರಿತ್ತು. ಕೊಬ್ಬರಿ ಕೆಟ್ಟಿತು. ಅಣ್ಣ ಬೈಯಲಿಲ್ಲ. "ಇನ್ಮ್ಯಾಲೆ ನೀನು ಅಟ್ಟ ಹತ್ತಬ್ಯಾಡ ಬುಡವ್ವ, ಆಳುಗಳು ನೋಡ್ಕತಾರೆ," ಎಂದ, ಅಷ್ಟೇ. ಅವ್ವ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಒಳಗೆ ಹೋದಳು. ಅವಳ ಕಿವಿ ಮಂದವಾಗಿದೆ ಎಂದು ನನಗೆ ತಿಳಿದದ್ದೇ ಆಗ. ಅಣ್ಣನ ಮೇಲೆ ಸಿಟ್ಟು ಬಂತು. ಅವನು ಹೇಳಿದ್ದು ಸರಿಯಾಗಿತ್ತಲ್ಲ, ಅದಕ್ಕೆ ಇನ್ನೂ ಹೆಚ್ಚು ಬಂತು.

ಮಾರನೆಯ ದಿನ ಅವನು ತೋಟಕ್ಕೆ ಹೋದ ಮೇಲೆ ಏಣಿ ಕಿರುಗುಟ್ಟಿತು. ಸ್ವಲ್ಪ ಹೊತ್ತಿಗೆ ಅವ್ವ ಮೇಲಿನಿಂದ ಕರೆದಳು. ನಾನೂ ಹತ್ತಿದೆ. ಒಂದು ಕಾಯನ್ನು ತನ್ನ ಕಿವಿಗೆ ಹಿಡಿದು ಅಲ್ಲಾಡಿಸಿದಳು, ಇನ್ನೊಮ್ಮೆ ಅಲ್ಲಾಡಿಸಿದಳು. ಆಮೇಲೆ ತೋಳು ಚಾಚಿ ಅದನ್ನೇ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದಳು.

"ನೀರೈತಾ?"

"ಐತೆ ಕಣವ್ವ."

ಅವ್ವ ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ಎತ್ತಿಕೊಂಡಳು.

"ನಾನೂ ಸೋಮಾರಿ ಆದೆ ಕಣೇ. ಕೇಳ್ತೀನಿ, ನಿಂತ್ಕತೀನಿ. ನೀನ್ ಹೇಳು."