ತ್ಯಾಗಲಿಯಿಂದ ಬಂದ ಮರಿಗೆ ಹೆಸರು

ನಮ್ಮೂರಿನಲ್ಲಿ ಹುಟ್ಟಿದ ಮಗುವಿನ ಹೆಸರು ಎಷ್ಟೋ ಸಲ ಅದರ ಅಜ್ಜಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಇದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಶಿರಸಿ ಪೇಟೆಯಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯವಿದೆ. ನಾಮಕರಣದ ಆಮಂತ್ರಣ ಅಚ್ಚಾಗಬೇಕಾದರೆ ಹೆಸರು ಹೇಳಲೇಬೇಕಲ್ಲ? ಹಾಗೆ ಹೇಳುವಾಗ ಎಳೆಯ ತಂದೆತಾಯಿಗಳು ಅಕ್ಕಪಕ್ಕ ನೋಡಿ ದನಿ ತಗ್ಗಿಸುತ್ತಾರೆ. ನಾನು ಟೈಪು ಮಾಡುತ್ತೇನೆ, ಅವರು ಅದರಲ್ಲಿ ಒತ್ತು ತಪ್ಪಿದೆ ಎನ್ನುತ್ತಾರೆ, ನಾನು ತಿದ್ದುತ್ತೇನೆ, ಮೊದಲಿದ್ದದ್ದೇ ಸರಿ ಎನ್ನುತ್ತಾರೆ. ಇಂಥ ಅನುಭವಸ್ಥೆಯ ಮನೆಯಲ್ಲೇ ಒಂದು ನಾಯಿಮರಿ ಹೆಸರಿಲ್ಲದೆ ಹಲ್ಲು ಬದಲಿಸುವ ವಯಸ್ಸಿಗೆ ಬಂತು ಎಂದರೆ ನಾಚಿಕೆಯಾಗುತ್ತದೆ. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬರುತ್ತದೆ.

ಮರಿ ಬಂದದ್ದು ತ್ಯಾಗಲಿಯ ನನ್ನ ಚಿಕ್ಕಮ್ಮನ ಮನೆಯಿಂದ. ಕಪ್ಪು ಮೈ, ಎದೆಯ ಮೇಲೆ ಅನ್ನದ ಅಗುಳು ಅಂಟಿದಷ್ಟು ಬಿಳಿ, ಹೆಣ್ಣು. ರಟ್ಟಿನ ಪೆಟ್ಟಿಗೆಯಲ್ಲಿ ಬಸ್ಸು ಹತ್ತಿ ಬಂದು, ಇಳಿದ ಕೂಡಲೇ ನನ್ನ ಚಪ್ಪಲಿಯ ಪಟ್ಟಿ ಕಡಿಯಿತು. ಅಂದೇ ನಾನು ‘ಕರಿ’ ಎಂದು ಕರೆದು ಕೆಲಸ ಮುಗಿಸಬೇಕಿತ್ತು. ಎಲ್ಲರೂ ಊಟಕ್ಕೆ ಕೂತಾಗ, ‘ಇದಕ್ಕೆ ಎಂತ ಹೆಸರಿಡೋಣ?’ ಎಂದು ಕೇಳಿದ್ದು ನನ್ನ ಬುದ್ಧಿಗೇಡಿತನ.

ನಮಗೆ ಹೆಸರಿನ ಅವಸರ ಇತ್ತು. ನಮ್ಮ ಓಣಿ ಮುಗಿಯುವಲ್ಲಿ ಅಕೇಶಿಯಾ ನೆಡುತೋಪು ಶುರುವಾಗುತ್ತದೆ. ಆ ತೋಪಿನಿಂದ ಮುಸ್ಸಂಜೆಗೆ ಒಂದು ಪ್ರಾಣಿ ಇಳಿದು ಬರುತ್ತದೆ. ಹಗಲಿನಲ್ಲಾದರೆ ನಾವು ಅದನ್ನು ಚಿರತೆ ಎನ್ನುತ್ತೇವೆ. ದೀಪ ಹಚ್ಚಿದ ಮೇಲೆ ಹೆಸರು ಹೇಳುವಂತಿಲ್ಲ, ಹೇಳಿದರೆ ಕರೆದಂತೆ ಎಂದು ನಮ್ಮ ಅತ್ತೆಯ ಕಟ್ಟಪ್ಪಣೆ. ಆಗ ಅದು ಬರೀ ‘ದೊಡ್ಡದು’. ಮೊದಲಿದ್ದ ನಾಯಿಯನ್ನು ಅದೇ ಹೊತ್ತುಕೊಂಡು ಹೋಗಿತ್ತು. ಬೆಳಿಗ್ಗೆ ತೋಪಿನ ಅಂಚಿನಲ್ಲಿ ಕುತ್ತಿಗೆಪಟ್ಟಿ ಮಾತ್ರ ಸಿಕ್ಕಿದಾಗ ಮಗಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನಾನೂ ಕಣ್ಣೀರು ಹಾಕಿದೆ. ಆದ್ದರಿಂದ ಹೊಸ ಮರಿ ಬೇರೆ ಯಾವ ವಿದ್ಯೆ ಕಲಿಯದಿದ್ದರೂ ಚಿಂತೆಯಿಲ್ಲ, ದೀಪದ ಹೊತ್ತಿಗೆ ಒಮ್ಮೆ ಕೂಗಿದರೆ ಒಳಗೆ ಬರುವುದನ್ನು ಕಲಿಯಲೇಬೇಕಿತ್ತು. ಕೂಗುವುದಕ್ಕೆ ಒಂದು ಹೆಸರು ಬೇಕಿತ್ತು.

ನನ್ನ ಗಂಡ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಾರೆ. ಹೆಸರೆಂದರೆ ಸುಮ್ಮನಲ್ಲ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕ ನಾಮ ಎಂದು ಬೇರೆ ಬೇರೆ ಇವೆ ಎಂಬಲ್ಲಿಂದ ಹಿಡಿದು, ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಬರೆಯುವುದರ ಔಚಿತ್ಯದವರೆಗೆ ಅವರ ಪಾಠ ನಡೆಯಿತು. ಅಷ್ಟರಲ್ಲಿ ಸಾರು ಆರಿತ್ತು. ಕೊನೆಗೆ ಕಪ್ಪು ಬಣ್ಣಕ್ಕೆ ಒಪ್ಪುವಂತೆ ‘ವಿಭಾವರಿ’ ಎಂದು ಸೂಚಿಸಿದರು. ರಾತ್ರಿ ಎಂದರ್ಥವಂತೆ. ಕಾಲೇಜಿಗೆ ಹೋಗುವ ಮಗಳು ಆ ಹೆಸರು ಕೇಳಿ ಕೈತೊಳೆಯಲು ಎದ್ದಳು. ಅವಳದ್ದು ‘ಮೋಚಾ’. ಅದು ಒಂದು ಬಗೆಯ ಕಾಫಿಯಂತೆ. ಮನೆಯಲ್ಲಿ ಕಷಾಯ ಕುಡಿದು ಬೆಳೆದ ಹುಡುಗಿಗೆ ಈ ಕಾಫಿಯ ಪರಿಚಯ ಎಲ್ಲಾಯಿತೋ ನಾನು ಕೇಳಲಿಲ್ಲ.

ಮಾತು ಇಷ್ಟಕ್ಕೇ ನಿಂತಿದ್ದರೆ ಬಚಾವಾಗುತ್ತಿದ್ದೆ. ಮಗಳು ಮರಿಯ ಫೋಟೊವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದಳು. ಸಿದ್ದಾಪುರಕ್ಕೆ ಕೊಟ್ಟಿರುವ ನನ್ನ ನಾದಿನಿ ತಕ್ಷಣ ಫೋನು ಮಾಡಿದಳು. ಅವಳಿಗೆ ಪಂಚಾಂಗ ನೋಡದೆ ಹಲ್ಲುಜ್ಜುವ ಬ್ರಷ್ಷನ್ನೂ ಬದಲಿಸಿ ಗೊತ್ತಿಲ್ಲ. ಜನ್ಮನಕ್ಷತ್ರದ ಪಾದ ನೋಡಿ, ಅದಕ್ಕೆ ಬರುವ ಅಕ್ಷರದಿಂದಲೇ ಹೆಸರು ಶುರುವಾಗಬೇಕು, ಹಿಂದಿನ ನಾಯಿಗೆ ಹಾಗೆ ಮಾಡದ್ದರಿಂದಲೇ ಅದು ಆ ಗತಿ ಕಂಡದ್ದು ಎಂದಳು. ದುಃಖದ ವಿಷಯ ಎತ್ತಿದ ಮೇಲೆ ಇಲ್ಲ ಎನ್ನುವುದು ಹೇಗೆ? ತ್ಯಾಗಲಿಗೆ ಫೋನು ಮಾಡಿ, ಮರಿ ಹುಟ್ಟಿದ ಗಳಿಗೆ ಕೇಳಿದೆ. ಚಿಕ್ಕಮ್ಮ, “ನಾಯಿ ಹೆರಿಗೆಗೆ ಆನು ಗಡಿಯಾರ ಹಿಡ್ಕಂಡು ಕೂತಿದ್ನಿಲ್ಲೆ ತಂಗಿ” ಎಂದಳು. ಮರಿಗಳು ಹುಟ್ಟಿದ ರಾತ್ರಿಯೇ ನಕ್ಷತ್ರ ಬೇರೆ ಬದಲಾಗಿತ್ತು. ಐದು ಮರಿಗಳಲ್ಲಿ ನಮ್ಮದು ಆ ನಕ್ಷತ್ರದ್ದೋ ಈ ನಕ್ಷತ್ರದ್ದೋ ಹೇಳುವವರಿಲ್ಲ. ನಾದಿನಿ ಎರಡಕ್ಕೂ ಒಂದೊಂದು ಹೆಸರು ಕಳಿಸಿದಳು.

ಹೀಗೆ ಮರಿಗೆ ನಾಲ್ಕೈದು ಹೆಸರಾಯಿತು, ಅಂದರೆ ಒಂದೂ ಆಗಲಿಲ್ಲ. ಯಾರೂ ತಮ್ಮ ಹೆಸರು ಬಿಟ್ಟುಕೊಡಲಿಲ್ಲ. ಅಭ್ಯಾಸವಾಗಲಿ ಎಂದು ಪ್ರತಿಯೊಬ್ಬರೂ ಬಿಸ್ಕೀಟು ಹಿಡಿದು ತಮ್ಮ ತಮ್ಮ ಹೆಸರಿನಿಂದ ಕರೆಯತೊಡಗಿದರು. ನಾನೂ ಅಡುಗೆಮನೆಯ ಬಾಗಿಲಲ್ಲಿ ನಿಂತು, ಯಾರಿಗೂ ಕೇಳದ ಹಾಗೆ ‘ಕರಿ, ಕರಿ’ ಎಂದು ಪಕ್ಷ ಕಟ್ಟುತ್ತಿದ್ದೆ. ಮರಿ ಬಹಳ ಬೇಗ ಒಂದು ಸಂಗತಿ ಅರಿತುಕೊಂಡಿತು: ಕರೆದಾಗ ಹೋಗದೆ ಅಂಗಳದ ನಡುವೆ ಕೂತುಬಿಟ್ಟರೆ ಕರೆದವರೇ ಬಿಸ್ಕೀಟು ತಂದು ಬಾಯಿಗೆ ಕೊಡುತ್ತಾರೆ. ಪಕ್ಕದ ಮನೆಯಾಕೆ ಬನವಾಸಿ ಕಡೆಯವರು. ದಿನಾ ಕಾಂಪೌಂಡಿನ ಆಚೆ ನಿಂತು ಈ ಸಂಭ್ರಮ ನೋಡುತ್ತಿದ್ದವರು ಒಂದು ದಿನ ತಡೆಯಲಾರದೆ, “ಏನರೆ ಒಂದ ಹೆಸರ ಇಡ್ರಿ ಅಕ್ಕಾರ, ನಮಗರೆ ನಿದ್ದಿ ಮಾಡಾಕ ಆಗವಲ್ದು” ಎಂದರು.

ನಿಜ ಹೇಳಬೇಕೆಂದರೆ, ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರು ಇಷ್ಟು ಜಗಳಾಡುವುದು ನನಗೆ ಅರ್ಥವೇ ಆಗುವುದಿಲ್ಲ. ಇಟ್ಟ ಹೆಸರನ್ನು ನಾವು ಬಳಸುವುದೇ ಅಪರೂಪ. ಅಜ್ಜನ ಹೆಸರನ್ನೇ ಮೊಮ್ಮಕ್ಕಳಿಗೆಲ್ಲ ಇಟ್ಟು, ಒಂದೇ ಮನೆಯಲ್ಲಿ ಮೂವರು ಗಣಪತಿಗಳಾಗಿ, ಕೊನೆಗೆ ಒಬ್ಬ ದೊಡ್ಡಪ್ಪಿ, ಒಬ್ಬ ಸಣ್ಣಪ್ಪಿ, ಇನ್ನೊಬ್ಬ ಬರೀ ಮಾಣಿ, ಎಂದರೆ ಹುಡುಗ, ಆಗಿ ಉಳಿಯುತ್ತಾರೆ. ಹೆಂಗಸರದ್ದು ಇನ್ನೂ ಸುಲಭ. ಯಾವ ಊರಿನಿಂದ ಬಂದೆವೋ ಆ ಊರೇ ನಮ್ಮ ಹೆಸರು. ನನ್ನ ತವರು ಯಲ್ಲಾಪುರ. ಮದುವೆಯಾಗಿ ಬಂದ ದಿನದಿಂದ ನಾನು ಯಲ್ಲಾಪುರದ ಅತ್ತಿಗೆ, ಯಲ್ಲಾಪುರದ ಚಿಕ್ಕಮ್ಮ. ನನ್ನ ಅತ್ತೆ ಹೇರೂರಿನವರಾದ್ದರಿಂದ ಹೇರೂರತ್ತೆ. ಮುದ್ರಣಾಲಯಕ್ಕೆ ಮದುವೆಯ ಆಮಂತ್ರಣ ಮಾಡಿಸಲು ಬಂದವರು, ಆಹ್ವಾನಿಸುವವರ ಹೆಸರು ಹೇಳಿ ಎಂದರೆ ಗಂಡಸರ ಹೆಸರೆಲ್ಲ ಪಟಪಟ ಹೇಳಿ, ಅತ್ತೆಯೊಬ್ಬರ ಹೆಸರಿಗೆ ಬಂದಾಗ ಪೆಚ್ಚಾಗುತ್ತಾರೆ. ಆಮೇಲೆ ನನ್ನೆದುರಿಗೇ ಫೋನು ಶುರು: ‘ನಮ್ಮ ಸೋಂದೆ ಅತ್ತೆಯ ಹೆಸರು ಎಂತ?’ ಆ ಕಡೆಯವರಿಗೂ ಗೊತ್ತಿರುವುದಿಲ್ಲ. ಅವರು ಇನ್ನೊಬ್ಬರನ್ನು ಕೇಳುತ್ತಾರೆ. ಸ್ವತಃ ಅತ್ತೆಯನ್ನೇ ಕೇಳಬಹುದಲ್ಲ ಎಂದರೆ, ಅವರಿಗೆ ಬೇಸರವಾಗುತ್ತದೆ ಎನ್ನುತ್ತಾರೆ. ಇಂಥ ಪದ್ಧತಿಯ ಪ್ರಕಾರ ನಮ್ಮ ಮರಿ ತಂಟೆತಕರಾರಿಲ್ಲದೆ ‘ತ್ಯಾಗಲಿದು’ ಆಗಬೇಕಿತ್ತು.

ಇಷ್ಟೆಲ್ಲ ನಡೆಯುವಾಗ ಅತ್ತೆ ಒಂದು ಹೆಸರನ್ನೂ ಹೇಳಲಿಲ್ಲ. ಹಗಲೆಲ್ಲ ನಾವು ಮೂವರೂ ಹೊರಗೆ ಹೋದರೆ ಮನೆಯಲ್ಲಿ ಅವರು ಮತ್ತು ಮರಿ. ಹಿಂದಿನ ಜಗುಲಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು, ಮರಿ ಅವರ ಸೆರಗಿನ ಮೇಲೆ ಮಲಗಿರುತ್ತಿತ್ತು. ನಾಯಿಗೆ ಇಷ್ಟು ಪಂಚಾಯ್ತಿ ಯಾಕೆ ಎಂದು ಅವರಿಗೆ ತಾತ್ಸಾರ ಇರಬೇಕೆಂದು ನಾನು ತಿಳಿದಿದ್ದೆ.

ಒಂದು ಸಂಜೆ ಗೇಟು ತೆರೆದೇ ಉಳಿದಿತ್ತು. ದೀಪ ಹಚ್ಚಿ ತಿರುಗುವಾಗ ಮರಿ ಕಾಣಲಿಲ್ಲ. ಅದಕ್ಕಿಂತ ಹೆದರಿಕೆಯ ಸಂಗತಿ ಎಂದರೆ, ಆ ಹೊತ್ತಿಗೆ ಯಾವಾಗಲೂ ಊಳಿಡುವ ಓಣಿಯ ನಾಯಿಗಳು ಒಂದೂ ಸೊಲ್ಲೆತ್ತದೆ ಸುಮ್ಮನಿದ್ದವು. ಅದರ ಅರ್ಥ ನಮಗೆಲ್ಲ ಗೊತ್ತು: ದೊಡ್ಡದು ಇಳಿದಿದೆ. ಮಗಳು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಅವಳು ಒಂದು ಕಡೆ ‘ಮೋಚಾ’ ಎಂದು ಕೂಗುತ್ತಾಳೆ, ನಾನು ಇನ್ನೊಂದು ಕಡೆ ‘ಕರಿ’ ಎಂದು ಕೂಗುತ್ತೇನೆ. ನಮ್ಮ ಮನೆಯ ಮಾಸ್ತರರು ರಸ್ತೆಯ ಮಧ್ಯೆ ಟಾರ್ಚು ಹಿಡಿದು ‘ವಿಭಾವರೀ’ ಎಂದು ದೀರ್ಘ ತೆಗೆದದ್ದಕ್ಕೆ ಎದುರು ಮನೆಯವರು ಯಕ್ಷಗಾನದ ತಾಲೀಮೆಂದು ಕಿಟಕಿ ತೆರೆದು ನೋಡಿದರು. ನಗು ಬರುವ ಹೊತ್ತಲ್ಲ ಅದು. ತೋಪು ಕಪ್ಪಗಾಗುತ್ತ ಬಂತು. ನಾವು ಯಾವ ಹೆಸರನ್ನು ಕೂಗಿದರೂ ಅದು ಆ ಮರಿಯ ಹೆಸರಾಗಿರಲಿಲ್ಲ, ಅದಕ್ಕೆ ಕಾರಣ ನಾವೇ. ನನಗೆ ಅಳು ಬಂದುಬಿಟ್ಟಿತು.

ಅಷ್ಟರಲ್ಲಿ ಅತ್ತೆ ಕೋಲೂರಿಕೊಂಡು ಗೇಟಿನವರೆಗೆ ಬಂದರು. ಎಲ್ಲರೂ ಒಮ್ಮೆ ಬಾಯಿ ಮುಚ್ಚಿ ಎಂಬಂತೆ ಕೈ ಮಾಡಿದರು. ಆಮೇಲೆ, ಪಕ್ಕದ ಕೋಣೆಯಲ್ಲಿರುವ ಯಾರನ್ನೋ ಕರೆಯುವಷ್ಟೇ ದನಿಯಲ್ಲಿ, “ತುಂಗೇ, ಬಾರೇ” ಎಂದರು.

ತೋಪಿನ ಪಕ್ಕದ ಗಟಾರದೊಳಗಿಂದ ಮೈಯೆಲ್ಲ ಕೆಸರು ಮಾಡಿಕೊಂಡ ಮರಿ ಎದ್ದು, ನಮ್ಮ ಮೂವರನ್ನೂ ದಾಟಿ, ನೇರ ಹೋಗಿ ಅವರ ಕಾಲಿಗೆ ಒರಗಿ ನಿಂತಿತು. ಗೇಟು ಹಾಕಿ ಒಳಗೆ ಬಂದೆವು. ಹೆದರಿಕೆ ಇಳಿದಂತೆ ಸಿಟ್ಟು ಏರಿತು. ಇಷ್ಟು ದಿನ ನಾವು ಮೂರ್ಖರಂತೆ ಕಿತ್ತಾಡುವಾಗ, ಮರಿ ಒಂದು ಹೆಸರಿಗೆ ಬರುತ್ತದೆಂದು ಇವರು ಹೇಳಬಾರದಿತ್ತೇ? ಕೇಳಿಯೇ ಬಿಟ್ಟೆ.

“ನಿಂಗ ಎಲ್ಲ ಕೂತು ಮಾತಾಡಕಾರೆ ಯನ್ನ ಕೇಳಿದ್ರಾ?” ಎಂದರು ಅತ್ತೆ.

ಕೇಳಿರಲಿಲ್ಲ. ಸಿದ್ದಾಪುರಕ್ಕೆ ಫೋನು ಮಾಡಿದೆವು, ತ್ಯಾಗಲಿಗೆ ಫೋನು ಮಾಡಿದೆವು, ಜಗುಲಿಯವರೆಗೆ ಹೋಗಿರಲಿಲ್ಲ. ಆ ಹೆಸರು ಎಲ್ಲಿಂದ ಬಂತು ಎಂದು ಮಗಳು ಕೇಳಿದಳು. ಅತ್ತೆ ಮರಿಯ ಕಾಲನ್ನು ಹಳೆಯ ಪಂಚೆಯಿಂದ ಒರೆಸುತ್ತ, ಅದು ತನ್ನದೇ ಹೆಸರು ಎಂದರು. ಹೇರೂರಿನಲ್ಲಿ ಹುಟ್ಟಿದಾಗ ಇಟ್ಟದ್ದು. ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಮಾವನ ತಂಗಿಯೊಬ್ಬಳು ತುಂಗೆ ಆಗಲೇ ಇದ್ದಳಂತೆ. ಗೊಂದಲವಾಗದಿರಲಿ ಎಂದು ಧಾರೆಯ ದಿನವೇ ಇವರನ್ನು ಸಾವಿತ್ರಿ ಮಾಡಿದರು. ಆ ಸಾವಿತ್ರಿಯನ್ನೂ ಯಾರೂ ಕರೆಯಲಿಲ್ಲ. “ಸುಮ್ನೆ ಬಿದ್ಕಂಡಿತ್ತು. ಅದ್ಕೆ ಕೊಟ್ಟೆ” ಎಂದು ಅತ್ತೆ ಪಂಚೆ ಒಗೆಯಲು ಹಾಕಿದರು. ನನ್ನ ಗಂಡ ಅರುವತ್ತಕ್ಕೆ ಹತ್ತಿರ ಬಂದ ಮನುಷ್ಯ, ತಾಯಿಯ ಹುಟ್ಟುಹೆಸರು ಅವರು ಕೇಳಿದ್ದು ಅಂದೇ. ಆ ರಾತ್ರಿ ಅವರು ಯಾವ ಪಾಠವನ್ನೂ ಮಾಡಲಿಲ್ಲ.

ಕಥೆ ಇಲ್ಲಿ ಮುಗಿಯುತ್ತದೆಂದು ನೀವು ನೆಮ್ಮದಿಪಡಬಹುದು. ನನ್ನ ನಿಜವಾದ ತಾಪತ್ರಯ ಶುರುವಾದದ್ದೇ ಮರುದಿನ. ಮರಿಗೆ ಹೆಸರೇನೋ ಸಿಕ್ಕಿತು, ಆದರೆ ಅದನ್ನು ಕರೆಯುವವರು ಯಾರು? ತಾಯಿಯ ಹೆಸರು ಹಿಡಿದು ಮಗ ಕೂಗುವುದುಂಟೇ? ಅತ್ತೆಯ ಹೆಸರನ್ನು ಬಾಯಲ್ಲಿ ಆಡದೆ ಇಷ್ಟು ವರ್ಷ ಸಂಸಾರ ಮಾಡಿದವಳು ನಾನು, ಈಗ ಅದನ್ನು ನಾಯಿಗೆ ಹೇಳಲೇ? ಮಗಳಿಗೂ ಅಜ್ಜಿಯ ಹೆಸರು ಕೂಗುವ ಧೈರ್ಯ ಬರಲಿಲ್ಲ. ನಾದಿನಿಯಂತೂ ಫೋನಿನಲ್ಲಿ ಹೌಹಾರಿದಳು. ನಾಳೆ ಅದು ಯಾರದ್ದಾದರೂ ಕಾಲು ಕಡಿದರೆ ಊರವರ ಎದುರು ಆಯಿಯ ಹೆಸರು ಹೇಳಿ ಗದರುತ್ತೀರಾ ಎಂದು ಕೇಳಿದಳು. ಮೊದಲ ಸಲ ಅವಳ ಮಾತಿನಲ್ಲಿ ತರ್ಕ ಕಂಡಿತು. ಸಂಜೆ ನಾವು ‘ಬಾರೇ, ಬಾರೇ’ ಎಂದು ಬಾಲಂಗೋಚಿಯನ್ನಷ್ಟೇ ಕೂಗಿದೆವು. ಮರಿ ತಲೆಯನ್ನೂ ಎತ್ತಲಿಲ್ಲ.

ಅತ್ತೆ ಒಳಗಿನಿಂದ ನೋಡುತ್ತಿದ್ದರು. ಮಗನನ್ನು ಕರೆದು, “ಬಾಯ್ಬಿಟ್ಟು ಕರೆ. ಅದು ಒಳಗೆ ಬರವಾ ಬ್ಯಾಡ್ದಾ?” ಎಂದರು. ಮಗ ಗಂಟಲು ಸರಿಮಾಡಿಕೊಂಡರು, ನೀರು ಕುಡಿದರು, ನನ್ನ ಮುಖ ನೋಡಿದರು. ಸಂಸ್ಕೃತದ ಅಷ್ಟೂ ವಿಭಕ್ತಿ ಗೊತ್ತಿದ್ದವರಿಗೆ ಒಂದು ಸಂಬೋಧನೆ ಬಾಯಿಗೆ ಬರಲಿಲ್ಲ. ಕೊನೆಗೆ ಈ ಮನೆಯ ಎಲ್ಲ ಕೆಲಸದಂತೆ ಅದೂ ನನ್ನ ತಲೆಗೇ ಬಂತು.

ಈಗ ರೂಢಿಯಾಗಿದೆ, ರೂಢಿಯಾಗದೆ ವಿಧಿಯಿಲ್ಲ. ಮೊನ್ನೆ ಮರಿ ನಾನು ಮನೆಗೆ ತಂದಿದ್ದ ಗಿರಾಕಿಯೊಬ್ಬರ ಆಮಂತ್ರಣದ ಕಟ್ಟನ್ನೇ ಹರಿದು ಹಾಕಿತ್ತು. ತಾಳ್ಮೆ ತಪ್ಪಿ, ‘ತುಂಗೆ, ಬುದ್ಧಿ ಇದ್ದಾ ನಿಂಗೆ?’ ಎಂದು ಕಿರುಚಿಬಿಟ್ಟೆ. ಜಗುಲಿಯಿಂದ, “ಆನು ಎಂತ ಮಾಡಿದ್ನೇ?” ಎಂದು ಕೇಳಿಸಿತು. ಅತ್ತೆ ನಗುತ್ತಿದ್ದರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ, ನನ್ನ ಸಿಟ್ಟು ಅಲ್ಲೇ ಹಾಳಾಯಿತು. ಪಕ್ಕದ ಬನವಾಸಿಯವರು ನನ್ನ ಹೆಸರೇನೆಂದು ಇಷ್ಟು ವರ್ಷಗಳಾದ ಮೇಲೆ ಕೇಳಿದರು. ಹೇಳಿದೆ, ಚೆನ್ನಾಗಿದೆ ಎಂದರು. ಮರುದಿನದಿಂದ ಮತ್ತೆ ಅಕ್ಕಾರ ಎಂದೇ ಕರೆಯುತ್ತಿದ್ದಾರೆ. ನನ್ನ ಹೆಸರಿನ ಸರದಿ ಬರಬೇಕಾದರೆ ಇನ್ನೊಂದು ಮರಿ ಬರಬೇಕೇನೋ.

ದಿನಾ ದೀಪ ಹಚ್ಚಿದ ಮೇಲೆ ಗೇಟಿನಲ್ಲಿ ನಿಂತು ತೋಪಿನ ಕಡೆ ಮುಖ ಮಾಡಿ, ‘ತುಂಗೇ’ ಎಂದು ಕೂಗುತ್ತೇನೆ. ಹೊರಗಿನಿಂದ ಮರಿ ಓಡಿ ಬರುತ್ತದೆ. ಅದೇ ಹೊತ್ತಿಗೆ ಒಳಗಿನಿಂದ ಅತ್ತೆ “ಓ” ಎನ್ನುತ್ತಾರೆ. ಎರಡೂ ಆದ ಮೇಲೆ ನಾನು ಬಾಗಿಲು ಹಾಕುತ್ತೇನೆ.