ಬೆನ್ನಿಗೆ ಉಪ್ಪಿನ ಶಾಖ

ಕಳೆದ ವರ್ಷ ಕಾರ್ತಿಕದ ಎರಡನೇ ಸೋಮವಾರ. ಜಾವಗಲ್‌ನ ನಮ್ಮ ಮನೆಯಲ್ಲಿ ಅಜ್ಜಿ ಬೆನ್ನುಮೂಳೆಯ ಕ್ಯಾನ್ಸರ್‌ನಿಂದ ಮಲಗಿದ್ದರು. ಮಾತ್ರೆ ನುಂಗಲು ಆಗುತ್ತಿರಲಿಲ್ಲವೆಂದು ಡಾಕ್ಟರು ಬೆನ್ನಿಗೆ ಅಂಟಿಸುವ ಪ್ಯಾಚ್ ಕೊಟ್ಟಿದ್ದರು. ಅದರಲ್ಲಿದ್ದದ್ದು ಅಫೀಮಿನ ಜಾತಿಯ ಬಲವಾದ ನೋವಿನ ಔಷಧಿ, ಚರ್ಮದ ಮೂಲಕ ನಿಧಾನವಾಗಿ ಇಳಿಯುವಂಥದ್ದು. ಮೂರು ದಿನಕ್ಕೊಮ್ಮೆ ಅದನ್ನು ಬದಲಿಸಿ ಡೈರಿಯಲ್ಲಿ ಗುರುತು ಹಾಕುವುದು ನನ್ನ ಕೆಲಸ.

"ಮಲಬದ್ಧತೆ, ವಾಕರಿಕೆ, ತೂಕಡಿಕೆ ಇರುತ್ತೆ. ಆದರೆ ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ಕಾಯಬೇಡಿ" ಎಂದಿದ್ದರು ಡಾಕ್ಟರು. ಬಿಸಿನೀರಿನ ಚೀಲ ಇಡಬೇಡಿ ಎಂದೂ ಹೇಳಿದ್ದರು. ಅಂಥ ಚೀಲ ನಮ್ಮ ಮನೆಯಲ್ಲಿ ಇರಲೇ ಇಲ್ಲ.

ಅವತ್ತು ಮಧ್ಯಾಹ್ನ ನಾನು ಅರಸೀಕೆರೆಯ ಕಾಲೇಜಿನಿಂದ ಬಂದಾಗ ಅಮ್ಮ ಹಿತ್ತಲಲ್ಲಿ ತೆಂಗಿನಕಾಯಿ ಸುಲಿಸುತ್ತಿದ್ದರು. ಅಜ್ಜಿಯ ಪಕ್ಕದಲ್ಲಿ, ಬಿಕ್ಕೋಡಿನಿಂದ ನೋಡಲು ಬಂದಿದ್ದ ಅತ್ತೆ ಕೂತಿದ್ದರು. ಅಜ್ಜಿಯ ಹಿರಿಮಗಳು.

"ಶ್! ಎಬ್ಬಿಸ್ಬ್ಯಾಡ ಕಣೇ. ಎಷ್ಟು ದಿನಕ್ಕೆ ನಿದ್ದೆ ಬಂದೈತೆ ನೋಡು."

ಹಾಸಿಗೆಯ ಮೇಲೆ ಬಟ್ಟೆಯ ಗಂಟೊಂದಿತ್ತು. ಮುಟ್ಟಿದರೆ ಇನ್ನೂ ಬಿಸಿ.

"ಏನಿದು ಅತ್ತೆ?"

"ಉಪ್ಪು ಹುರಿದು ಶಾಖ ಕೊಟ್ಟೆ. ನಿನ್ನ ಸ್ಟಿಕ್ಕರಿಗಿಂತ ಮೇಲು!"

ಅಜ್ಜಿ ಗೊರಕೆ ಹೊಡೆಯುತ್ತಿದ್ದರು. ಒಂದು ಗೊರಕೆಯಾದ ಮೇಲೆ ಇನ್ನೊಂದು ಬರುವುದು ತುಂಬಾ ತಡವಾಗುತ್ತಿತ್ತು. ಭುಜ ಹಿಡಿದು ಅಲುಗಿಸಿದೆ, ಕೂಗಿದೆ. ಕಣ್ಣು ತೆರೆಯಲಿಲ್ಲ. ಗಡಿಯಾರ ನೋಡಿ ಎಣಿಸಿದೆ. ಒಂದು ನಿಮಿಷಕ್ಕೆ ಆರೇ ಉಸಿರು.

ಪ್ಯಾಚ್ ಕಿತ್ತೆ. ೧೦೮ಕ್ಕೆ ಫೋನ್ ಮಾಡಿ ಅಮ್ಮನನ್ನು ಕೂಗಿದೆ. ಅತ್ತೆಯ ಮುಖ ಬಿಳಿಚಿಕೊಂಡಿತ್ತು. "ಉಸಿರೆಳಿಯವ್ವಾ... ಇನ್ನೊಂದ್ಸಲ ಎಳಿ" ಎಂದು ಆಂಬುಲೆನ್ಸ್ ಬರುವವರೆಗೂ ಕೂಗುತ್ತಲೇ ಇದ್ದರು. ಅಜ್ಜಿ ಆಗಾಗ ಒಂದು ಉಸಿರು ಎಳೆಯುತ್ತಿದ್ದರು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಕಣ್ಣು ಬಿಟ್ಟರು. ಬಿಸಿ ತಾಗಿ ಔಷಧಿ ಒಮ್ಮೆಲೇ ಹೆಚ್ಚು ಇಳಿದಿದೆ ಎಂದರು ಡಾಕ್ಟರು. ಔಷಧಿ ನಿಲ್ಲಿಸಲಿಲ್ಲ. ಎರಡು ದಿನ ಅಲ್ಲೇ ಇರಿಸಿಕೊಂಡು ನೋಡಿ, ಹೊಸ ಪ್ಯಾಚ್ ಹಾಕಿ ಕಳಿಸಿದರು.

ಅಜ್ಜಿಯನ್ನು ಮನೆಗೆ ಕರೆತಂದ ದಿನ ಅತ್ತೆ ಬಾಗಿಲು ದಾಟಿ ಒಳಗೆ ಬರಲಿಲ್ಲ.

"ಯಾಕೇ, ಅಲ್ಲೇ ನಿಂತೆ?" ಎಂದರು ಅಜ್ಜಿ.

"ನನ್ನ ಕೈ ಸರಿಯಿಲ್ಲ ಕಣವ್ವಾ."

"ಉಪ್ಪು ಸಾರಿಗೆ ಹಾಕು. ಕೈ ಇಲ್ಲಿ ಮಡಗು."

ಅಜ್ಜಿ ಹೋಗಿದ್ದು ನಾಲ್ಕು ತಿಂಗಳಾದ ಮೇಲೆ. ಕೊನೆಯವರೆಗೂ ಬೆನ್ನಿನ ಮೇಲೆ ಪ್ಯಾಚ್ ಇತ್ತು, ಅದರ ಪಕ್ಕದಲ್ಲಿ ಅತ್ತೆಯ ಕೈ ಇತ್ತು. ಈಗಲೂ ಮನೆಯಲ್ಲಿ ಯಾರಾದರೂ ಹಗಲು ಗೊರಕೆ ಹೊಡೆದರೆ ನನ್ನ ಕಣ್ಣು ಗಡಿಯಾರಕ್ಕೆ ಹೋಗುತ್ತದೆ. ಒಂದು ನಿಮಿಷ ಎಣಿಸಿ, ಆಮೇಲೆ ಅವರನ್ನು ಅವರ ಪಾಡಿಗೆ ಮಲಗಲು ಬಿಡುತ್ತೇನೆ.