ಮುಲಾಮು ಹಚ್ಚಿದ ತೋಳು

ಅವರ ಮುಂಗೈಯ ಚರ್ಮ ಈರುಳ್ಳಿಯ ಒಳಪೊರೆಯಂತಿತ್ತು. ಚಾಯ ಕೊಡಲು ಕೈ ಚಾಚಿದಾಗ ಅದರಡಿ ನೀಲಿ ನರಗಳೂ ಅಲ್ಲಲ್ಲಿ ನೇರಳೆ ಕಲೆಗಳೂ ಕಾಣುತ್ತಿದ್ದವು. ಗಡಿಯೂರಾದ ತೋಲ್ಪೆಟ್ಟಿಯ ರಸ್ತೆಬದಿಯಲ್ಲಿ ಚಾಯದಂಗಡಿ ಇಟ್ಟಿದ್ದ ಅವರನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು.

ಸದಾ ಗ್ಲಾಸು ತೊಳೆದೂ ತೊಳೆದೂ ಕೈಗೆ ತುರಿಕೆ ಹತ್ತಿತ್ತು. ಯಾರೋ ಮಾನಂದವಾಡಿ ಪೇಟೆಯಿಂದ ಒಂದು ಟ್ಯೂಬು ಮುಲಾಮು ತಂದುಕೊಟ್ಟರು. ತುರಿಕೆ ನಿಂತಿತು, ಹಚ್ಚುವುದು ನಿಲ್ಲಲಿಲ್ಲ. ಕೆಲವೇ ವಾರ ಹಚ್ಚಬೇಕಾದ ಮದ್ದನ್ನು ಅವರು ವರ್ಷಗಟ್ಟಲೆ ಕೈಗೆ, ತೋಳಿಗೆ, ಮುಖಕ್ಕೆ ಹಚ್ಚಿದರು. ಚರ್ಮ ಬಿಳಿಚಿ ತೆಳ್ಳಗಾಯಿತು. ಕೆನ್ನೆಯಲ್ಲಿ ಕೆಂಪು ಎಳೆಗಳು ಮೂಡಿದವು. ಗಲ್ಲದಲ್ಲಿ ನವಿರು ಕೂದಲು ಬಂತು. ಇದು ಮುಲಾಮಿನದೇ ಕೆಲಸ ಎಂದು ಡಾಕ್ಟರು ಬೈದರಂತೆ. ಊರವರು ನಂಬಲಿಲ್ಲ. ಒಂಟಿ ಹೆಂಗಸಿನ ತೋಳಲ್ಲಿ ಬೆಳಗಾಗುವಾಗ ಬೆರಳಿನ ಗುರುತು ಕಂಡರೆ, ಕಾಡಿನದ್ದೇನೋ ಬಂದು ಹಿಡಿಯುತ್ತದೆ ಎಂದೇ ಮಾತು. ಕೆಲವರು ಅವರ ಕೈಯಿಂದ ಗ್ಲಾಸು ತೆಗೆದುಕೊಳ್ಳುವುದನ್ನೂ ಬಿಟ್ಟರು. ಅವರು ಬೇಸರಿಸದೆ ಗ್ಲಾಸನ್ನು ಬೆಂಚಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು.

ಅವು ನಕ್ಸಲರನ್ನು ಹುಡುಕುತ್ತ ಪೊಲೀಸರು ಕಾಡಂಚಿನ ಆದಿವಾಸಿ ಹಾಡಿಗಳನ್ನು ಜಾಲಾಡುತ್ತಿದ್ದ ದಿನಗಳು. ಕೂಲಿಯವರಿಗೂ ಭೂಮಿ ಬೇಕೆಂದು ಕೂಗಿದ್ದಕ್ಕೆ ನನ್ನ ಅಣ್ಣ ಪೊಲೀಸರ ಹೊಡೆತ ತಿಂದಿದ್ದ; ಒಳಗೊಳಗೇ ಕುದಿಯುತ್ತಿದ್ದ. ಒಂದು ಬೆಳಿಗ್ಗೆ ಎಳೆಯ ಪೊಲೀಸನೊಬ್ಬ ಅಂಗಡಿಗೆ ಬಂದು, ದೊಡ್ಡಮ್ಮನನ್ನು ತೋಳು ಹಿಡಿದು ಬಾಗಿಲಿಂದ ಸರಿಸಿ, ಒಳಕೋಣೆ ಇಣುಕಿ ಹೋದ. ಮಧ್ಯಾಹ್ನಕ್ಕೆ ಆ ತೋಳಲ್ಲಿ ಐದೂ ಬೆರಳು ಕಪ್ಪಾಗಿ ಎದ್ದಿದ್ದವು. ಅದನ್ನು ಕಂಡದ್ದೇ ಅಣ್ಣ ಕತ್ತಿ ಹಿಡಿದ. ಸಂಜೆ ಆ ಪೊಲೀಸ ಬೇಗೂರಿನ ದಾರಿಯಲ್ಲಿ ಒಬ್ಬನೇ ಹೋಗುತ್ತಾನೆಂದು ಅಣ್ಣನಿಗೆ ಗೊತ್ತಿತ್ತು.

ದೊಡ್ಡಮ್ಮ ಮಗನನ್ನು ಕರೆದಂತೆ ಕರೆದು ಅಡ್ಡ ನಿಂತರು. "ಅವ ಹೊಡೆದಿಲ್ಲ ಮೋನೆ. ಮೆಲ್ಲಗೆ ಸರಿಸಿದ್ದು ಅಷ್ಟೆ."

ಹೆದರಿ ಹಾಗೆನ್ನುತ್ತಿದ್ದೀರಿ ಎಂದ ಅಣ್ಣ. ಅವರು ಇನ್ನೊಂದು ತೋಳು ಚಾಚಿದರು.

"ಹಾಗಾದ್ರೆ ನೀನೇ ಹಿಡಿ. ಕೂಸನ್ನು ಹಿಡಿಯುವ ಹಾಗೆ ಹಿಡಿ."

ಅಣ್ಣ ಮೆಲ್ಲಗೆ ಹಿಡಿದು ಕೈ ತೆಗೆದ. ದೊಡ್ಡಮ್ಮ ಅವನನ್ನು ಬೆಂಚಿನಲ್ಲಿ ಕೂರಿಸಿ ತಾವೂ ಕೂತರು. ನಾನು ಪಕ್ಕದಲ್ಲೇ ಇದ್ದೆ. ಮೂವರೂ ಆ ತೋಳನ್ನೇ ನೋಡುತ್ತ ಕಾದೆವು. ಆ ಬಿಳಿ ಚರ್ಮದಡಿಯಲ್ಲಿ ಮೊದಲು ಕೆಂಪಗೆ, ಆಮೇಲೆ ನೇರಳೆಯಾಗಿ ಹೆಬ್ಬೆರಳು ಮೂಡಿತು. ನಂತರ ಒಂದೊಂದಾಗಿ ಉಳಿದವು. ನೀರಿನಾಳದಿಂದ ಯಾರೋ ಕೈ ಮೇಲೆತ್ತುತ್ತಿರುವ ಹಾಗಿತ್ತು. ಅಣ್ಣ ಆ ಗುರುತನ್ನು ನೋಡಿದ, ತನ್ನ ಅಂಗೈಯನ್ನು ನೋಡಿಕೊಂಡ. ಕತ್ತಿಯನ್ನು ಅಲ್ಲೇ ಬಿಟ್ಟು ಮನೆಗೆ ನಡೆದ. ಸಂಜೆ ಆ ಪೊಲೀಸ ಶಿಳ್ಳೆ ಹಾಕುತ್ತ ನಮ್ಮ ಮುಂದೆಯೇ ಹೋದ.

ಕೆಲವು ವರ್ಷಗಳ ಮೇಲೆ ದೊಡ್ಡಮ್ಮ ಜ್ವರದಲ್ಲಿ ತೀರಿಕೊಂಡರು. ಅವರನ್ನು ಮುಟ್ಟಿ ಎತ್ತಲು ಊರವರು ಹಿಂಜರಿದರು. ಅಣ್ಣ ಕಂಬಳಿ ತಂದು ಅವರ ತೋಳುಗಳಿಗೆ ಸುತ್ತತೊಡಗಿದ. ಸತ್ತವರ ಮೈಮೇಲೆ ಇನ್ನು ಯಾವ ಗುರುತೂ ಮೂಡುವುದಿಲ್ಲ ಎಂದು ಯಾರೋ ಹೇಳಿದರು. ಅವನು ಸುತ್ತಿಯೇ ಎತ್ತಿದ.